ಸಂಘವೋ, ಟ್ರಸ್ಟೋ, ಕಂಪನಿಯೋ: ಕಾಸರಗೋಡಿನಲ್ಲಿ ಸಂಸ್ಥೆ ಕಟ್ಟುವವರಿಗೊಂದು ಹೋಲಿಕೆ

ಕಾಸರಗೋಡಿನ ಕಡೆ ಹೊಸದಾಗಿ ಸಂಸ್ಥೆ ಕಟ್ಟಲು ಹೊರಟವರು ಮೊದಲು ಹೋಗುವುದು ಆಡಿಟರ ಬಳಿಗೆ ಅಥವಾ ದಸ್ತಾವೇಜು ಬರೆಯುವವರ ಬಳಿಗೆ. "ಟ್ರಸ್ಟ್ ಮಾಡಿಬಿಡಿ, ಸುಲಭ" ಎಂಬ ಸಲಹೆ ಅಲ್ಲಿ ಸಿಗುತ್ತದೆ. ಅದು ಸುಳ್ಳೇನೂ ಅಲ್ಲ. ಆದರೆ ನೋಂದಣಿಯ ದಿನ ಸುಲಭವಾಗಿದ್ದದ್ದು ಹತ್ತು ಹದಿನೈದು ವರ್ಷ ಕಳೆದು, ಸ್ಥಾಪಕರಿಗೆ ವಯಸ್ಸಾಗಿ, ಜಾಗಕ್ಕೆ ಬೆಲೆ ಬಂದು, ಯಾರಾದರೂ ಲೆಕ್ಕ ಕೇಳುವ ಹೊತ್ತಿಗೆ ಹಾಗೆಯೇ ಉಳಿದಿರುವುದಿಲ್ಲ.

ಅದಕ್ಕಾಗಿ ಈ ಹೋಲಿಕೆಯ ಉದ್ದಕ್ಕೂ ನಾನು ಒಂದೇ ಪ್ರಶ್ನೆ ಕೇಳುತ್ತ ಹೋಗುತ್ತೇನೆ. ಅಧ್ಯಕ್ಷರನ್ನೋ ಕಾರ್ಯದರ್ಶಿಯನ್ನೋ ಲೆಕ್ಕ ಕೇಳುವ ಹಕ್ಕು ಯಾರಿಗಿದೆ? ಉತ್ತರ ಬರದಿದ್ದರೆ ಅವರನ್ನು ಇಳಿಸುವ ದಾರಿ ಯಾವುದು? ಖರ್ಚು, ತೆರಿಗೆ, ಕಾಗದಪತ್ರ ಎಲ್ಲ ಇದರ ನಂತರದ ಮಾತು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿ ಕನ್ನಡದ ಕೆಲಸಕ್ಕೆ ಊರವರೇ ಕಟ್ಟಿದ ಸಂಸ್ಥೆಗಳು ದೊಡ್ಡ ಆಸರೆಯಾಗಿವೆ. ಯಕ್ಷಗಾನ ಕಲಾಸಂಘ, ಗ್ರಂಥಾಲಯ, ಯುವಕ ಮಂಡಲ, ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವ ನಿಧಿ, ಎಂಡೋಸಲ್ಫಾನ್ ಕೀಟನಾಶಕದಿಂದ ನರಳುತ್ತಿರುವ ಮಕ್ಕಳ ಆರೈಕೆಗೆ ನಿಂತ ಗುಂಪು, ಎಲ್ಲವೂ ಇದರಲ್ಲಿ ಬಂತು. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಒಂದು ಸಂಘ ಜಗಳದಿಂದ ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ಇರುತ್ತದೆ. ಪೆರ್ಲದಲ್ಲೋ ಮುಳ್ಳೇರಿಯಾದಲ್ಲೋ ಕನ್ನಡ ಗ್ರಂಥಾಲಯ ಮುಚ್ಚಿದರೆ ಅದರ ಜಾಗಕ್ಕೆ ಬರುವವರು ಯಾರೂ ಇಲ್ಲ. ಆಡಳಿತದ ಚರ್ಚೆ ಒಣ ವಿಷಯವೆಂದು ತಳ್ಳಿಹಾಕದೆ ಇಷ್ಟು ವಿವರವಾಗಿ ಬರೆಯುತ್ತಿರುವುದು ಇದೇ ಕಾರಣಕ್ಕೆ.

ಸಂಘ: ಮಹಾಸಭೆಯೇ ಯಜಮಾನ

ಕೇರಳದಲ್ಲಿ ಸಂಘಗಳಿಗೆ ಎರಡು ಕಾಯ್ದೆಗಳಿವೆ. ಹಳೆಯ ತಿರುವಾಂಕೂರು–ಕೊಚ್ಚಿ ಪ್ರದೇಶಕ್ಕೆ 1955ರದ್ದು ಬೇರೆ, ಮಲಬಾರ್ ಭಾಗಕ್ಕೆ 1860ರ ಸೊಸೈಟಿ ನೋಂದಣಿ ಕಾಯ್ದೆ. ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು 1860ರ ಕಾಯ್ದೆಯ ಅಡಿ ಬರುತ್ತದೆ. ತಿರುವನಂತಪುರದ ಯಾವುದೋ ಸಂಘದ ಬೈಲಾವನ್ನು (ಒಳನಿಯಮಗಳನ್ನು) ನಕಲು ಮಾಡಿ ತಂದು ಹೆಸರು ಬದಲಾಯಿಸುವವರು ಇದನ್ನು ಗಮನಿಸಬೇಕು, ಏಕೆಂದರೆ ಅದರಲ್ಲಿ ಉಲ್ಲೇಖವಾಗಿರುವ ಕಾಯ್ದೆ ನಮ್ಮದಾಗಿರುವುದಿಲ್ಲ.

ಕನಿಷ್ಠ ಏಳು ಜನ ಸೇರಿ ಉದ್ದೇಶಪತ್ರ ಮತ್ತು ಬೈಲಾಕ್ಕೆ ಸಹಿ ಹಾಕಿ ಜಿಲ್ಲಾ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಆಮೇಲೆ ಪ್ರತಿ ವರ್ಷ ಮಹಾಸಭೆ ನಡೆದ 14 ದಿನಗಳೊಳಗೆ ಕಾರ್ಯಕಾರಿ ಸಮಿತಿಯ ಪಟ್ಟಿ ಅಲ್ಲಿಗೆ ಸಲ್ಲಬೇಕು. ಅನೇಕ ಸಂಘಗಳಲ್ಲಿ ನಿಂತುಹೋಗುವ ಮೊದಲ ಕೆಲಸ ಇದೇ. ನಾಲ್ಕೈದು ವರ್ಷ ಪಟ್ಟಿ ಹೋಗಿರುವುದಿಲ್ಲ. ಆಮೇಲೆ ಜಗಳವಾದಾಗ ಎರಡು ಗುಂಪಿನವರೂ "ನಾವೇ ಸಮಿತಿ" ಎನ್ನುತ್ತಾರೆ, ಕಚೇರಿಯ ಕಡತದಲ್ಲಿ ಮಾತ್ರ ಯಾವುದೋ ಕಾಲದ ಅಧ್ಯಕ್ಷರ ಹೆಸರೇ ಉಳಿದಿರುತ್ತದೆ. ಬ್ಯಾಂಕಿನವರು ಖಾತೆ ತಡೆಹಿಡಿಯುತ್ತಾರೆ. ಅವರನ್ನು ತಪ್ಪೆನ್ನಲೂ ಆಗುವುದಿಲ್ಲ.

ಈ ಕಾಯ್ದೆಯಲ್ಲಿ ನನಗೆ ಮೆಚ್ಚುಗೆಯಾಗುವ ಕೆಲವು ಸಂಗತಿಗಳಿವೆ. ಸಂಘದ ಉದ್ದೇಶ ಬದಲಾಯಿಸಲು ವಿಶೇಷ ಸಭೆ ಕರೆದು ಐದರಲ್ಲಿ ಮೂರು ಪಾಲು ಮತ ಬೇಕು. ಅಷ್ಟೇ ಸಾಲದು, ಒಂದು ತಿಂಗಳ ಅಂತರದಲ್ಲಿ ಎರಡನೇ ಸಭೆ ಕರೆದು ಮತ್ತೆ ಅಷ್ಟೇ ಮತದಿಂದ ದೃಢಪಡಿಸಬೇಕು. ಆವೇಶದಲ್ಲಿ ಒಂದು ರಾತ್ರಿ ಕುಳಿತು ಗ್ರಂಥಾಲಯವನ್ನು ಕಲ್ಯಾಣಮಂಟಪ ಮಾಡಲು ಬರುವುದಿಲ್ಲ. ಸಂಘ ವಿಸರ್ಜನೆಯಾದರೂ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಇನ್ನೊಂದು ಸಂಘಕ್ಕೇ ಕೊಡಬೇಕು. ರಿಜಿಸ್ಟ್ರಾರ್ ಬಳಿ ಸಲ್ಲಿಸಿದ ಕಾಗದಗಳನ್ನು ಸಣ್ಣ ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದು. 160 ವರ್ಷ ದಾಟಿದ ಕಾಯ್ದೆಯಲ್ಲಿ ಇಷ್ಟು ಎಚ್ಚರಿಕೆ ಇದೆ.

ಇಲ್ಲದಿರುವುದೂ ಬಹಳ. ಅಧ್ಯಕ್ಷರ ಅವಧಿ ಎಷ್ಟು, ಅವಿಶ್ವಾಸ ಹೇಗೆ, ಲೆಕ್ಕ ಪರಿಶೋಧಕರನ್ನು ನೇಮಿಸುವವರು ಯಾರು, ಸಭೆ ನಡೆಯಲು ಕನಿಷ್ಠ ಎಷ್ಟು ಜನ ಬೇಕು (ಕೋರಂ) ಎಂಬುದನ್ನು ಈ ಕಾಯ್ದೆ ಬೈಲಾಕ್ಕೆ ಬಿಟ್ಟಿದೆ. ಬೈಲಾದಲ್ಲಿ ಇಲ್ಲದಿದ್ದರೆ ಎಲ್ಲಿಯೂ ಇಲ್ಲ. ಆದ್ದರಿಂದ ಸಂಘವನ್ನು ಆರಿಸಿಕೊಂಡವರು ಬೈಲಾಕ್ಕೆ ನಾಲ್ಕು ಸಂಜೆ ಕೊಡಲೇಬೇಕು.

ಎಲ್ಲಕ್ಕಿಂತ ದೊಡ್ಡ ತಲೆನೋವು ಸದಸ್ಯತ್ವ. ಮಹಾಸಭೆಯೇ ಯಜಮಾನನಾದ್ದರಿಂದ ಸದಸ್ಯರ ಪುಸ್ತಕ ಯಾರ ಕೈಯಲ್ಲಿದೆಯೋ ಸಂಘ ಅವರದ್ದಾಗುತ್ತದೆ. ಚುನಾವಣೆಗೆ ಹದಿನೈದು ದಿನ ಇರುವಾಗ ಒಬ್ಬರು ಮೂವತ್ತು ನಲವತ್ತು ಹೊಸ ಅರ್ಜಿಗಳನ್ನು ಚಂದಾ ಸಮೇತ ತಂದು ಮೇಜಿನ ಮೇಲಿಟ್ಟರೆ? ಪಕ್ಷ ರಾಜಕೀಯ ಮನೆಮನೆಗೂ ತಲುಪಿರುವ ಕೇರಳದಲ್ಲಿ ಇದು ಬರೀ ಊಹೆಯಲ್ಲ. ಹೊಸ ಸದಸ್ಯರಿಗೆ ಆರು ತಿಂಗಳು ಅಥವಾ ಒಂದು ವರ್ಷದ ನಂತರವೇ ಮತದ ಹಕ್ಕು ಎಂದು ಬೈಲಾದಲ್ಲಿ ಬರೆಯಿರಿ. ಅರ್ಜಿ ತಿರಸ್ಕರಿಸಿದರೆ ಕಾರಣ ದಾಖಲಿಸಬೇಕು, ಮೇಲ್ಮನವಿ ಮಹಾಸಭೆಗೆ ಹೋಗಬೇಕು ಎಂದೂ ಬರೆಯಿರಿ. ಇಲ್ಲದಿದ್ದರೆ ಹಳೆಯ ಸಮಿತಿ ತನಗೆ ಬೇಡದವರನ್ನೆಲ್ಲ ಹೊರಗಿಡಲು ಇದೇ ನಿಯಮ ದಾರಿಯಾಗುತ್ತದೆ. ಮೂರು ತಿಂಗಳಿಗಿಂತ ಹೆಚ್ಚು ಚಂದಾ ಬಾಕಿ ಇದ್ದವರಿಗೆ ಮತ ಹಾಕುವ ಹಕ್ಕಿಲ್ಲ ಎಂದು ಕಾಯ್ದೆಯಲ್ಲೇ ಇದೆ. ಹಾಗಾಗಿ ಚಂದಾ ರಶೀದಿ ಕೊಡುವ ಕೆಲಸ ಗುಮಾಸ್ತಿಕೆಯಷ್ಟೇ ಎಂದುಕೊಳ್ಳಬೇಡಿ, ಮತದಾರರ ಪಟ್ಟಿ ತಯಾರಾಗುವುದು ಅಲ್ಲೇ.

ಇದರ ಇನ್ನೊಂದು ಮುಖ ಆಜೀವ ಸದಸ್ಯರು. ಮೂವತ್ತು ವರ್ಷದ ಹಿಂದೆ ಹಣ ಕಟ್ಟಿದವರಲ್ಲಿ ಅರ್ಧ ಜನ ಮಂಗಳೂರಿನಲ್ಲೋ ಮುಂಬೈಯಲ್ಲೋ ದುಬೈಯಲ್ಲೋ ಇದ್ದಾರೆ, ಕೆಲವರು ತೀರಿಕೊಂಡಿದ್ದಾರೆ. ಪುಸ್ತಕದಲ್ಲಿರುವ ಸಂಖ್ಯೆಯ ಮೂರನೇ ಒಂದು ಪಾಲು ಕೋರಂ ಎಂದಿದ್ದರೆ ಸಭೆ ಎಂದಿಗೂ ಸೇರದು. ಕೋರಂ ಇಲ್ಲದೆ ಮುಂದೂಡಿದ ಸಭೆಗೆ ಕಡಿಮೆ ಸಂಖ್ಯೆ ಸಾಕು ಎಂಬ ನಿಯಮ ಇಡಿ. ಆ ಮುಂದೂಡಿದ ಸಭೆಯಲ್ಲಿ ಆಸ್ತಿ ಮಾರಾಟ, ಬೈಲಾ ತಿದ್ದುಪಡಿ ಮಾಡುವಂತಿಲ್ಲ ಎಂಬುದನ್ನೂ ಅದರ ಜೊತೆಗೇ ಸೇರಿಸಿ.

ಟ್ರಸ್ಟ್: ಪತ್ರದಲ್ಲಿ ಬರೆದದ್ದೇ ಕಾನೂನು

ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಟ್ರಸ್ಟ್ ಪತ್ರ ನೋಂದಾಯಿಸಿದರೆ ಮುಗಿಯಿತು. ಸದಸ್ಯರಿಲ್ಲ, ಮಹಾಸಭೆಯಿಲ್ಲ, ವರ್ಷವರ್ಷ ಪಟ್ಟಿ ಕೊಡುವ ಗೊಡವೆಯಿಲ್ಲ. ಮಹಾರಾಷ್ಟ್ರದಲ್ಲಿರುವಂಥ ಸಾರ್ವಜನಿಕ ಟ್ರಸ್ಟ್ ಕಾಯ್ದೆ ಕೇರಳದಲ್ಲಿ ಇಲ್ಲ. ಅಂದರೆ ಟ್ರಸ್ಟಿಗಳು ಬದಲಾದರೂ ಲೆಕ್ಕ ಏರುಪೇರಾದರೂ ನೋಡಲೆಂದೇ ಕುಳಿತ ಕಚೇರಿ ಇಲ್ಲಿಲ್ಲ. ಊರವರಿಗೆ ಉಳಿಯುವ ದಾರಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮು. ಹಿತಾಸಕ್ತಿ ಇರುವ ಕನಿಷ್ಠ ಇಬ್ಬರು ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಬೇಕು. ಇದು ವರ್ಷಗಟ್ಟಲೆ ನಡೆಯುವ ಕೆಲಸ. ಅಡಕೆ ತೋಟದ ನಡುವೆ ದಿನ ಕಳೆಯುವ ಯಾವ ಇಬ್ಬರು ಇದಕ್ಕೆ ಮುಂದೆ ಬರುತ್ತಾರೆ?

ಹಾಗೆಂದು ಟ್ರಸ್ಟ್ ಬೇಡವೇ ಬೇಡ ಎನ್ನಲಾರೆ. ಒಂದು ಮನೆಯವರು ಹಿರಿಯರ ನೆನಪಿಗೆ ಜಾಗ ಅಥವಾ ಠೇವಣಿ ಕೊಟ್ಟು, ಅದರ ಬಡ್ಡಿಯಿಂದ ಕನ್ನಡ ಮಾಧ್ಯಮದ ಮಕ್ಕಳಿಗೆ ನೆರವು ನೀಡುವುದಾದರೆ ಟ್ರಸ್ಟೇ ಸರಿ. ಅಲ್ಲಿ ಹಣದ ಮೂಲ ಒಂದೇ, ಉದ್ದೇಶ ಒಂದೇ, ಚುನಾವಣೆಯ ಗದ್ದಲದಿಂದ ಅದನ್ನು ದೂರ ಇಡುವುದು ಒಳ್ಳೆಯದು. ಊರವರಿಂದ ರಶೀದಿ ಪುಸ್ತಕ ಹಿಡಿದು ವಂತಿಗೆ ಎತ್ತುವ ಸಂಸ್ಥೆ ಟ್ರಸ್ಟ್ ಆಗುವುದಕ್ಕೆ ಮಾತ್ರ ನನ್ನ ಸ್ಪಷ್ಟ ವಿರೋಧವಿದೆ. ನೂರಾರು ಮನೆಗಳ ಹಣ ಪಡೆದು, ಆ ನೂರಾರು ಮನೆಗಳಲ್ಲಿ ಒಂದಕ್ಕೂ ಪ್ರಶ್ನಿಸುವ ಸ್ಥಾನ ಕೊಡದಿರುವುದು ನ್ಯಾಯವಲ್ಲ.

ಟ್ರಸ್ಟನ್ನೇ ಆರಿಸಿದರೆ ಪತ್ರ ಬರೆಸುವಾಗ ಎಚ್ಚರ ಬೇಕು. "ಸ್ಥಾಪಕರು ಜೀವಮಾನವಿಡೀ ಆಡಳಿತ ಟ್ರಸ್ಟಿ, ಅವರ ನಂತರ ಅವರು ಸೂಚಿಸಿದವರು" ಎಂಬ ಸಿದ್ಧ ವಾಕ್ಯ ಎಲ್ಲ ಮಾದರಿಗಳಲ್ಲೂ ಇರುತ್ತದೆ. ಅದನ್ನು ತೆಗೆಸಿ, ಪ್ರತಿ ಟ್ರಸ್ಟಿಗೆ ಐದು ವರ್ಷ ಎಂದು ಹಾಕಿಸಿ. ಒಬ್ಬ ಟ್ರಸ್ಟಿಯನ್ನು ಉಳಿದವರು ಎಷ್ಟು ಮತದಿಂದ, ಯಾವ ಕಾರಣಕ್ಕೆ ತೆಗೆಯಬಹುದು ಎಂದು ಬರೆಸಿ. ಒಂದೇ ಕುಟುಂಬದವರು ಮೂರನೇ ಒಂದು ಪಾಲು ಮೀರಬಾರದು. ಪತ್ರದಲ್ಲಿ ತಿದ್ದುಪಡಿಗೆ ಅವಕಾಶ ಇಟ್ಟಿರದಿದ್ದರೆ ಮುಂದೆ ಸಣ್ಣ ಬದಲಾವಣೆಗೂ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದೀತು.

ಕಂಪನಿ: ಶಿಸ್ತು ಇದೆ, ಭಾರವೂ ಇದೆ

2013ರ ಕಂಪನಿ ಕಾಯ್ದೆಯ ಸೆಕ್ಷನ್ 8ರ ಅಡಿ ಲಾಭರಹಿತ ಕಂಪನಿ ಮಾಡಬಹುದು. ಖಾಸಗಿ ರೂಪದಲ್ಲಾದರೆ ಇಬ್ಬರು ನಿರ್ದೇಶಕರು ಸಾಕು. ಲೆಕ್ಕ ಪರಿಶೋಧನೆ ಕಡ್ಡಾಯ, ಆರು ತಿಂಗಳಿಗೊಮ್ಮೆಯಾದರೂ ನಿರ್ದೇಶಕರ ಸಭೆ ನಡೆಯಬೇಕು, ಲೆಕ್ಕಪತ್ರ ಮತ್ತು ವಾರ್ಷಿಕ ವಿವರ ಆನ್‌ಲೈನಿನಲ್ಲಿ ಸಲ್ಲಬೇಕು. ತಡವಾದರೆ ಒಂದೊಂದು ನಮೂನೆಗೆ ದಿನಕ್ಕೆ 100 ರೂಪಾಯಿ ಏರುತ್ತ ಹೋಗುತ್ತದೆ. ಸಂಬಳದ ಸಿಬ್ಬಂದಿ ಇಲ್ಲದ ಯುವಕ ಮಂಡಲಕ್ಕೆ ಒಂದು ವರ್ಷ ಮರೆತರೂ ಇದು ಮುಳುಗುವಷ್ಟಾಗುತ್ತದೆ.

ನಿರ್ದೇಶಕರನ್ನು ಸದಸ್ಯರು ಸಾಮಾನ್ಯ ಬಹುಮತದಿಂದಲೇ ತೆಗೆಯಬಹುದೆಂದು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಆ ಇಬ್ಬರು ನಿರ್ದೇಶಕರೇ ಸದಸ್ಯರೂ ಆಗಿದ್ದರೆ ಯಾರು ಯಾರನ್ನು ತೆಗೆಯುವುದು? ಗಂಡ ಹೆಂಡತಿ ಇಬ್ಬರೇ ಇರುವ ಸೆಕ್ಷನ್ 8 ಕಂಪನಿಗೂ ಕುಟುಂಬದ ಟ್ರಸ್ಟ್‌ಗೂ ಆಡಳಿತದ ದೃಷ್ಟಿಯಿಂದ ವ್ಯತ್ಯಾಸ ಕಾಣುವುದಿಲ್ಲ.

"ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ) ಹಣ ಸಿಗಬೇಕಾದರೆ ನಾವೂ ಕಂಪನಿಯೇ ಆಗಬೇಕು" ಎಂಬ ಮಾತು ಹರಡಿದೆ, ಅದು ಸರಿಯಲ್ಲ. ಮೂರು ವರ್ಷ ಕೆಲಸ ಮಾಡಿದ, ಆದಾಯ ತೆರಿಗೆಯ 12ಎ (ಸಂಸ್ಥೆಯ ಆದಾಯಕ್ಕೆ ವಿನಾಯಿತಿ) ಮತ್ತು 80ಜಿ (ದಾನಿಗಳಿಗೆ ತೆರಿಗೆ ರಿಯಾಯಿತಿ) ಎಂದು ಕರೆಯುವ ನೋಂದಣಿಗಳಿರುವ ಸಂಘವೂ ಸಾರ್ವಜನಿಕ ಟ್ರಸ್ಟೂ ಸಿಎಸ್‌ಆರ್-1 ನಮೂನೆ ತುಂಬಿ ಅರ್ಹವಾಗುತ್ತವೆ. ಹಲವು ಜಿಲ್ಲೆಗಳಲ್ಲಿ ಕೆಲಸ, ಸಂಬಳದ ಹತ್ತಾರು ಸಿಬ್ಬಂದಿ, ದೊಡ್ಡ ಅನುದಾನ ಇದ್ದರೆ ಕಂಪನಿಯ ಶಿಸ್ತು ನೆರವಿಗೆ ಬರುತ್ತದೆ. ಉಳಿದವರು ಅತ್ತ ಹೋಗಬೇಕಿಲ್ಲ.

ಉಳಿದ ಗಡಿಗಳಲ್ಲಿ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡಿಗರ ಲೆಕ್ಕಾಚಾರ ಬೇರೆ. ಮಹಾರಾಷ್ಟ್ರದ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಡಿ 1860ರ ಕಾಯ್ದೆಯ ಸಂಘವೂ ಟ್ರಸ್ಟಾಗಿ ನೋಂದಾಯಿಸಿಕೊಳ್ಳಬೇಕು. ಪದಾಧಿಕಾರಿ ಬದಲಾದರೆ 90 ದಿನಗಳಲ್ಲಿ ಬದಲಾವಣೆಯ ವರದಿ ಧರ್ಮಾದಾಯ ಆಯುಕ್ತರ ಕಚೇರಿಗೆ ಹೋಗಬೇಕು, ಸ್ಥಿರಾಸ್ತಿ ಮಾರಲು ಅವರ ಮಂಜೂರಾತಿ ಬೇಕು. ಓಡಾಟ ಹೆಚ್ಚು, ಆದರೆ ಅಲ್ಲಿ ಟ್ರಸ್ಟನ್ನು ಪ್ರಶ್ನಿಸಲು ಒಂದು ಬಾಗಿಲಿದೆ. ಆದ್ದರಿಂದ ಟ್ರಸ್ಟಿನ ಬಗ್ಗೆ ನಾನು ಮೇಲೆ ಎತ್ತಿದ ಆಕ್ಷೇಪ ಅಲ್ಲಿ ಅಷ್ಟು ಗಟ್ಟಿಯಲ್ಲ. ಹೊಸೂರು, ತಾಳವಾಡಿ ಕಡೆ ತಮಿಳುನಾಡಿನ 1975ರ ಕಾಯ್ದೆ ಇದೆ, ಸಮಿತಿಯ ಅವಧಿ ಮೂರು ವರ್ಷ ಮೀರಬಾರದೆಂದು ಅದೇ ಹೇಳುತ್ತದೆ. ಮಡಕಶಿರ, ರಾಯದುರ್ಗ, ಆದವಾನಿಯವರಿಗೆ ಆಂಧ್ರದ 2001ರ ಕಾಯ್ದೆ, ಅದರಲ್ಲಿ ಒಳಜಗಳವನ್ನು ಮಧ್ಯಸ್ಥಿಕೆಗೋ ಜಿಲ್ಲಾ ನ್ಯಾಯಾಲಯಕ್ಕೋ ಒಯ್ಯುವ ದಾರಿ ಬರೆದಿದೆ.

ದೇವಸ್ಥಾನದ ಮೊಕ್ತೇಸರಿಕೆ ಮತ್ತು ಅನುದಾನಿತ ಶಾಲೆಯ ಮ್ಯಾನೇಜರ್ ಹುದ್ದೆಯನ್ನು ಇಲ್ಲಿ ಸೇರಿಸಿಲ್ಲ. ಮೊದಲನೆಯದಕ್ಕೆ ಮಲಬಾರ್ ದೇವಸ್ವಂ ಬೋರ್ಡಿನ ನಿಯಮಗಳಿವೆ, ಎರಡನೆಯದಕ್ಕೆ ಕೇರಳ ಶಿಕ್ಷಣ ಕಾಯ್ದೆ ಮತ್ತು ನಿಯಮಗಳು. ಸಂಘವೇ ಶಾಲೆ ನಡೆಸುತ್ತಿದ್ದರೆ, ಸಂಘದ ಅಧ್ಯಕ್ಷರು ಬದಲಾದ ಮಾತ್ರಕ್ಕೆ ಶಾಲೆಯ ಮ್ಯಾನೇಜರ್ ತಾನಾಗಿ ಬದಲಾಗುವುದಿಲ್ಲ, ಇಲಾಖೆಯ ಒಪ್ಪಿಗೆ ಬೇಕು ಎಂಬುದಷ್ಟು ನೆನಪಿರಲಿ.

ಯಾರು ಕೂರಬೇಕು, ಎಷ್ಟು ಕಾಲ

ನೋಂದಣಿಯ ರೂಪ ಯಾವುದೇ ಇರಲಿ, ಮುಂದಿನ ಆಯ್ಕೆ ಸ್ಥಾಪಕರ ಬಗ್ಗೆ. ಅವರು ಇರುವಷ್ಟು ಕಾಲ ಅವರೇ ಅಧ್ಯಕ್ಷರು ಎಂಬುದು ಒಂದು ಪದ್ಧತಿ, ಎರಡು ಅವಧಿಯ ನಂತರ ಇಳಿಯಬೇಕು ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಲಾಭ ಇಲ್ಲವೆನ್ನಲಾಗದು. ಊರಿನ ಗೌರವ, ದಾನಿಗಳ ವಿಶ್ವಾಸ, ಇಲಾಖೆಯಲ್ಲಿ ಪರಿಚಯ, ಎಲ್ಲವೂ ಒಬ್ಬ ನಿವೃತ್ತ ಮಾಸ್ಟ್ರ ಹೆಸರಿನ ಜೊತೆ ಬಂದಿರುತ್ತದೆ. ಮೊದಲ ಐದಾರು ವರ್ಷ ಅವರನ್ನು ಮುಟ್ಟಬಾರದು ಎಂದೇ ನನ್ನ ಅಭಿಪ್ರಾಯ. ಆದರೆ ಅವರ ಕಾಲದಲ್ಲೇ, ಅವರ ಎದುರೇ ಇನ್ನೊಬ್ಬರು ಕೆಲಸ ಕಲಿಯದಿದ್ದರೆ ಸಂಸ್ಥೆ ಅವರ ಜೊತೆಗೇ ಮುಗಿಯುತ್ತದೆ. ಆಲದ ಮರದ ಬುಡದಲ್ಲಿ ಗಿಡ ಏಳುವುದಿಲ್ಲ. ಎರಡು ಅವಧಿ, ತಲಾ ಮೂರು ವರ್ಷ, ಆಮೇಲೆ ಗೌರವಾಧ್ಯಕ್ಷ ಪದವಿ ಎಂಬ ಏರ್ಪಾಡು ಒಳ್ಳೆಯದು. ಗೌರವಾಧ್ಯಕ್ಷರಿಗೆ ಮಾತಿನ ಹಕ್ಕು ಇರಲಿ, ಮತವೂ ಚೆಕ್ ಸಹಿಯೂ ಬೇಡ. ಕಡತ, ಪಾಸ್‌ವರ್ಡ್, ಜಾಗದ ಮೂಲಪತ್ರ ಹೊಸಬರ ಕೈಗೆ ಬಂದದ್ದನ್ನು ಪಟ್ಟಿ ಮಾಡಿ ಮಿನಿಟ್ಸಿನಲ್ಲಿ ಬರೆಯಬೇಕು.

"ಅವಿರೋಧ ಆಯ್ಕೆ" ನಮ್ಮ ಊರುಗಳಲ್ಲಿ ಹೆಮ್ಮೆಯ ವಿಷಯ. ನಾಳೆ ಅದೇ ಅಂಗಡಿಯಲ್ಲಿ, ಅದೇ ಬಸ್ಸಿನಲ್ಲಿ ಮುಖ ನೋಡಬೇಕಾದವರು ಎದುರು ನಿಲ್ಲಲು ಹಿಂಜರಿಯುವುದು ಸಹಜ. ಆದರೆ ಹಿಂಜರಿಕೆಯಿಂದ ಬಂದ ಮೌನವನ್ನು ಒಪ್ಪಿಗೆ ಎಂದು ದಾಖಲಿಸುತ್ತ ಹೋದರೆ ಅಸಮಾಧಾನ ಹೊರಬರಲು ಒಡಕಿನ ಹೊರತು ಬೇರೆ ದಾರಿ ಇರುವುದಿಲ್ಲ. ಪ್ರತಿ ವರ್ಷ ಸಮಿತಿಯ ಮೂರನೇ ಒಂದು ಪಾಲು ಜನ ನಿಯಮದಂತೆ ಇಳಿಯುವ ಪದ್ಧತಿ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಯಾರನ್ನೂ ಸೋಲಿಸಬೇಕಿಲ್ಲ, ಯಾರ ಮುಖವೂ ಕೆಡುವುದಿಲ್ಲ, ಹೊಸಬರು ಬರುತ್ತಾರೆ, ಅನುಭವಿಗಳೂ ಉಳಿಯುತ್ತಾರೆ.

ಸಮಿತಿ ದೊಡ್ಡದಿರಬೇಕೋ ಚಿಕ್ಕದೋ? ಊರಿನ ಎಲ್ಲ ಭಾಗದವರಿಗೂ ಸ್ಥಾನ ಕೊಡುವ ಆಸೆಯಿಂದ ಇಪ್ಪತ್ತೈದು ಮೂವತ್ತು ಜನರ ಸಮಿತಿ ಮಾಡುತ್ತಾರೆ, ಸಭೆಗೆ ಬರುವುದು ಏಳೆಂಟು ಜನ. ಒಂಬತ್ತರಿಂದ ಹನ್ನೊಂದು ಜನರ ಕಾರ್ಯಕಾರಿ ಸಮಿತಿ ಸಾಕು, ಉಳಿದವರಿಗೆ ಉಪಸಮಿತಿಗಳಲ್ಲಿ ನಿಜವಾದ ಕೆಲಸ ಕೊಡಿ. ಆ ಹನ್ನೊಂದರಲ್ಲಿ ಕನಿಷ್ಠ ಮೂವರು ಮಹಿಳೆಯರಿರಲಿ, ಅದರಲ್ಲಿ ಒಬ್ಬರು ಕಾರ್ಯದರ್ಶಿಯೋ ಕೋಶಾಧಿಕಾರಿಯೋ ಆಗಿರಲಿ. ಕೇರಳದ ಮಹಿಳಾ ಸ್ವಸಹಾಯ ಗುಂಪುಗಳಾದ ಕುಟುಂಬಶ್ರೀಯ ಲೆಕ್ಕ ಬರೆದು ಪಳಗಿದ ಹೆಂಗಸರು ಮನೆಮನೆಯಲ್ಲಿರುವಾಗ "ಲೆಕ್ಕ ಗೊತ್ತಿರುವವರು ಸಿಗುವುದಿಲ್ಲ" ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಸಂಬಳ ಕೊಟ್ಟು ವ್ಯವಸ್ಥಾಪಕರನ್ನು ಇಡುವುದಾದರೆ ಅವರು ಸಮಿತಿಗೆ ವರದಿ ಒಪ್ಪಿಸಬೇಕು, ಸಮಿತಿಯಲ್ಲಿ ಮತ ಹಾಕಬಾರದು. ಅಧ್ಯಕ್ಷರ ಮಗನನ್ನೋ ಸೊಸೆಯನ್ನೋ ನೇಮಿಸುವ ಸಂದರ್ಭ ಬಂದರೆ ಅಧ್ಯಕ್ಷರು ಆ ಚರ್ಚೆಯ ಹೊತ್ತಿಗೆ ಹೊರಗೆ ಹೋಗಲಿ, ಹೋದದ್ದು ಮಿನಿಟ್ಸಿನಲ್ಲಿ ಬರಲಿ. ಪದಾಧಿಕಾರಿಗಳ ನೆಂಟರಿಗೆ ಕೆಲಸಕ್ಕೆ ಮೀರಿದ ಹಣ ಹೋದರೆ ಆದಾಯ ತೆರಿಗೆಯ ವಿನಾಯಿತಿಗೇ ಕುತ್ತು ಬರುತ್ತದೆ.

ಹಣ ಮತ್ತು ಭಾಷೆ

ವಂತಿಗೆ ಈಗ ಮೊಬೈಲಿನಲ್ಲಿ ಬರುತ್ತದೆ. ಕಾರ್ಯದರ್ಶಿಯ ಸ್ವಂತ ಖಾತೆಯ ಕ್ಯೂಆರ್ ಕೋಡನ್ನು ಆಮಂತ್ರಣ ಪತ್ರಿಕೆಯಲ್ಲಿ ಮುದ್ರಿಸುವುದು ಬೇಗದ ದಾರಿ, ಸಂಘದ ಖಾತೆಗೇ ಕ್ಯೂಆರ್ ಮಾಡಿಸುವುದು ಸ್ವಲ್ಪ ತಡದ ದಾರಿ. ಪ್ರಾಮಾಣಿಕರೇ ಮೊದಲನೆಯದರಿಂದ ಹೆಚ್ಚು ಕಷ್ಟಪಡುತ್ತಾರೆ, ಏಕೆಂದರೆ ಮನೆಯ ಹಣ ಮತ್ತು ಸಂಘದ ಹಣ ಬೆರೆತ ಮೇಲೆ ತಾವು ಶುದ್ಧರೆಂದು ತೋರಿಸಲು ಅವರ ಬಳಿ ಕಾಗದ ಇರುವುದಿಲ್ಲ. ಚೆಕ್ಕಿಗೆ ಇಬ್ಬರ ಸಹಿ, ಇಬ್ಬರೂ ಒಂದೇ ಮನೆಯವರಾಗಿರಬಾರದು.

ಗಲ್ಫ್‌ನಲ್ಲಿರುವ ನಮ್ಮವರ ಹಣದ ಬಗ್ಗೆ ಅನಗತ್ಯ ಹೆದರಿಕೆಯೂ ಇದೆ, ಅನಗತ್ಯ ಧೈರ್ಯವೂ ಇದೆ. ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ದುಡಿಮೆಯ ಹಣವನ್ನು ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶಿ ವಂತಿಗೆ ಎನಿಸುವುದಿಲ್ಲ. ಆದರೆ ಬೇರೆ ದೇಶದ ಪೌರರಾದ ಬಂಧುಗಳು ಕೊಟ್ಟ ಹಣಕ್ಕೂ ಅಲ್ಲಿ ನೋಂದಾಯಿತವಾದ ಸಂಸ್ಥೆ ಒಟ್ಟುಮಾಡಿ ಕಳುಹಿಸಿದ ಹಣಕ್ಕೂ ಎಫ್‌ಸಿಆರ್‌ಎ (ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ) ಅನುಮತಿ ಬೇಕು. ಕಳುಹಿಸಿದವರ ಪಾಸ್‌ಪೋರ್ಟ್ ಪ್ರತಿ ಪಡೆದಿಡುವುದು ಕೋಶಾಧಿಕಾರಿಯ ಕೆಲಸ.

ಭಾಷೆಯ ವಿಷಯ ನಮ್ಮಲ್ಲಿ ವಿಶೇಷ. ಸಭೆಯ ಮಾತು ತುಳುವಿನಲ್ಲಿ, ಮಿನಿಟ್ಸ್ ಕನ್ನಡದಲ್ಲಿ, ಕಚೇರಿಗೆ ಹೋಗುವ ಕಾಗದ ಮಲಯಾಳದಲ್ಲಿ, ಬೈಲಾ ಇಂಗ್ಲಿಷಿನಲ್ಲಿ. ಈ ನಾಲ್ಕನ್ನೂ ಓದಬಲ್ಲವರು ಸಮಿತಿಯಲ್ಲಿ ಒಬ್ಬರೋ ಇಬ್ಬರೋ ಇರುತ್ತಾರೆ, ಅಧಿಕಾರ ಸದ್ದಿಲ್ಲದೆ ಅವರ ಕೈಗೆ ಹೋಗುತ್ತದೆ. ಬೈಲಾದ ಕನ್ನಡ ಪ್ರತಿಯನ್ನು ಪ್ರತಿ ಸದಸ್ಯರಿಗೂ ಕೊಡಿ. ಮಿನಿಟ್ಸ್ ಕನ್ನಡದಲ್ಲೇ ಇರಲಿ, ಬ್ಯಾಂಕಿಗೆ ಬೇಕಾದ ನಿರ್ಣಯವನ್ನು ಮಾತ್ರ ಇಂಗ್ಲಿಷಿನಲ್ಲಿ ಬರೆದು ಅಂಟಿಸಿ. ಮಲಯಾಳದ ಕಾಗದಕ್ಕೆ ಸಹಿ ಹಾಕುವ ಮುನ್ನ ಸಭೆಯಲ್ಲಿ ಗಟ್ಟಿಯಾಗಿ ಓದಿ ಅರ್ಥ ಹೇಳುವ ಕ್ರಮ ಇಟ್ಟುಕೊಳ್ಳಿ.

ಈಗಾಗಲೇ ಟ್ರಸ್ಟ್ ಮಾಡಿ ಕೈ ಸುಟ್ಟುಕೊಂಡವರು ಅದನ್ನು ನೇರವಾಗಿ ಸಂಘವಾಗಿ ಬದಲಾಯಿಸಲು ಬರುವುದಿಲ್ಲ. ಅದೇ ಉದ್ದೇಶದ ಸಂಘವನ್ನು ಹೊಸದಾಗಿ ನೋಂದಾಯಿಸಿ, ಟ್ರಸ್ಟ್ ಪತ್ರ ಅವಕಾಶ ಕೊಟ್ಟರೆ ಆಸ್ತಿಯನ್ನು ಅದಕ್ಕೆ ವರ್ಗಾಯಿಸಬೇಕು. ಅದಕ್ಕೆ ಮೊದಲು ಹೊಸ ಸಂಘಕ್ಕೆ ಆದಾಯ ತೆರಿಗೆ ನೋಂದಣಿ ಸಿಕ್ಕಿರಬೇಕು. ನೋಂದಣಿ ಇಲ್ಲದ ಸಂಸ್ಥೆಗೆ ಆಸ್ತಿ ಹೋದರೆ ಕೂಡಿಬಂದ ಸಂಪತ್ತಿನ ಮೇಲೆಯೇ ತೆರಿಗೆ ಬೀಳುತ್ತದೆ. ಅಷ್ಟು ದೂರ ಹೋಗಲಾಗದವರು ಟ್ರಸ್ಟಿಗಳ ಒಪ್ಪಿಗೆಯಿಂದ ಒಂದು ಸಲಹಾ ಸಮಿತಿ ಮಾಡಿ, ದಾನಿಗಳಿಗೂ ಫಲಾನುಭವಿಗಳ ಮನೆಯವರಿಗೂ ಅದರಲ್ಲಿ ಸ್ಥಾನ ಕೊಟ್ಟು, ಆಡಿಟ್ ಆದ ಲೆಕ್ಕವನ್ನು ವರ್ಷಕ್ಕೊಮ್ಮೆ ಅವರ ಮುಂದೆ ಓದಬಹುದು. ಕಾನೂನಿನ ಬಲ ಇದಕ್ಕೆ ಕಡಿಮೆ. ಆದರೂ ಎಲ್ಲರೆದುರು ಒಮ್ಮೆ ಲೆಕ್ಕ ಓದಿದ ಟ್ರಸ್ಟಿಗೆ ಮರುವರ್ಷ ಓದದೆ ಇರುವುದು ಕಷ್ಟ.